ಕಂಬಿಯ ಮೇಲಿನ ಕೈ

ಸಂಖ್ಯಾಶಾಸ್ತ್ರದ ಕೊನೆಯ ವರ್ಷದಲ್ಲಿ ನಾವು ಹನ್ನೊಂದು ಜನ. ಪ್ರಾಜೆಕ್ಟಿಗೆಂದು ಒಂದು ಪುಟದ ಫಾರಂ ಕೊಟ್ಟಿದ್ದರು. ವಿಷಯ ಏನು, ಡೇಟಾ ಎಲ್ಲಿಂದ, ಏನನ್ನು ಅಳೆಯುತ್ತೀರಿ, ಅದು ಯಾವ ಯಾವ ವೇರಿಯಬಲ್‌ನಿಂದ ಬದಲಾಗುತ್ತದೆ ಎಂದುಕೊಂಡಿದ್ದೀರಿ. ಇಷ್ಟೇ, ನಾಲ್ಕು ಖಾನೆ. ಮೂವತ್ತನೇ ತಾರೀಖಿನೊಳಗೆ ಅದರ ಮೇಲೆ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಡಂ ಸಹಿ ಬೀಳಬೇಕು. ಬೀಳದಿದ್ದರೆ ಆ ವರ್ಷ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಇಲ್ಲದೆ ಪದವಿ ಇಲ್ಲ.

ಒಂಬತ್ತು ಜನ ಒಂದೇ ವಿಷಯ ಬರೆದರು. ದಿನಕ್ಕೆ ಎಷ್ಟು ಗಂಟೆ ಮೊಬೈಲ್, ಪರೀಕ್ಷೆಯಲ್ಲಿ ಎಷ್ಟು ಅಂಕ. ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ಡೇಟಾ ಮುಗಿಯುತ್ತದೆ. ಹತ್ತನೆಯವನು ಎಲ್ಲರೂ ಬರೆದು ಮುಗಿಸಲಿ, ಉಳಿದದ್ದನ್ನು ಬರೆಯುತ್ತೇನೆ ಎಂದು ಕೂತಿದ್ದ. ನಾನು ಡಯಾಲಿಸಿಸ್ ಎಂದು ಬರೆದೆ.

ಅಣ್ಣನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ಬುಧವಾರ, ಶನಿವಾರ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅವನ ರಕ್ತ ಒಂದು ಯಂತ್ರದೊಳಗೆ ಹೋಗಿ ಶುದ್ಧವಾಗಿ ವಾಪಸ್ ಬರುತ್ತಿತ್ತು. ಅತ್ತಿಗೆಗೆ ಬಟ್ಟೆ ಕಾರ್ಖಾನೆಯಲ್ಲಿ ವಾರಕ್ಕೆ ಎರಡು ರಜೆ ಕೊಡುವುದಿಲ್ಲ. ಹಾಗಾಗಿ ಜೊತೆಗೆ ಹೋಗಿ ಕೂರುವುದು ನನ್ನ ಕೆಲಸ. ಹೇಗೂ ಕೂರುತ್ತೇನೆ, ಅಲ್ಲೇ ಡೇಟಾ ಇದೆ.

ಇದು ನಾನು ಮೇಡಂಗೆ ಹೇಳಿದ ಕಾರಣ. ನಿಜವಾದ ಕಾರಣ ನೀರು. ಅಣ್ಣನಿಗೆ ಮೂತ್ರ ಹೋಗುವುದಿಲ್ಲ, ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಯಂತ್ರ ಬರೀ ರಕ್ತ ತೊಳೆಯುವುದಿಲ್ಲ, ಆ ನೀರನ್ನೂ ಹಿಂಡಿ ತೆಗೆಯುತ್ತದೆ. ಹೆಚ್ಚಾಗಿ ಉಳಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಕಳೆದ ಆರೇ ತಿಂಗಳಲ್ಲಿ ಅವನನ್ನು ಎರಡು ಸಲ ತುರ್ತು ವಾರ್ಡಿಗೆ ಹಾಕಿದ್ದೆವು. ಎರಡನೇ ಸಲ ಅವನ ತುಟಿ ನೇರಳೆಯಾಗಿತ್ತು, ಅತ್ತಿಗೆಯ ಹೆಸರು ಕೂಗಲು ಹೋಗಿ ಬರೀ ಗಾಳಿ ಬಂತು. ಅದಾದ ಮೇಲೂ ಕುಡಿಯುತ್ತಿದ್ದ. ಅವನ ಸೆಲೂನಿನ ಕನ್ನಡಿಯ ಹಿಂದೆ ಒಂದು ಬಾಟಲಿ ಇರುತ್ತಿತ್ತು. ಗಿರಾಕಿಯ ತಲೆಗೆ ಚಿಮುಕಿಸಲು ಎನ್ನುತ್ತಿದ್ದ. ಯಾವ ಗಿರಾಕಿಯ ತಲೆಯೂ ಅಷ್ಟು ನೀರು ಹೀರುವುದಿಲ್ಲ.

ಅತ್ತಿಗೆ ಅತ್ತು ನೋಡಿದ್ದಳು, ನಾನು ಬೈದು ನೋಡಿದ್ದೆ. ಅವನು ನಂಬುವುದು ಅಚ್ಚಾದ ಕಾಗದವನ್ನು ಮಾತ್ರ. ನಲವತ್ತು ಜನರ ಲೆಕ್ಕ ತೆಗೆದು, ಇಗೋ ಎರಡು ಡಯಾಲಿಸಿಸ್ ನಡುವೆ ಒಂದು ಕಿಲೋ ನೀರು ಹೆಚ್ಚಿದರೆ ತುರ್ತು ವಾರ್ಡಿಗೆ ಹೋಗುವ ಸಂಭವ ಇಷ್ಟು ಪಟ್ಟು ಎಂದು ಪ್ರಿಂಟ್ ತೆಗೆದು ಅದೇ ಕನ್ನಡಿಗೆ ಅಂಟಿಸಬೇಕು. ನನಗೆ ಆ ಒಂದು ಅಂಕಿ ಬೇಕಾಗಿತ್ತು.

ಡಯಾಲಿಸಿಸ್ ಕೋಣೆಯಲ್ಲಿ ಎಂಟು ಯಂತ್ರ, ಎಂಟು ಮಂಚ, ಒಬ್ಬ ಟೆಕ್ನಿಷಿಯನ್. ಮಾತೆತ್ತಿದರೆ ಗದರುತ್ತಿದ್ದುದರಿಂದ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಬಾಗಿಲ ಬಳಿ ತೂಕದ ಯಂತ್ರ, ಅದರ ಪಕ್ಕಕ್ಕೆ ಗೋಡೆಗೆ ಹೊಡೆದ ಒಂದು ಕಬ್ಬಿಣದ ಕಂಬಿ. ಬಂದವರು ಮೊದಲು ತೂಕ ಮಾಡಿಸಬೇಕು. ಕಳೆದ ಸಲ ಹೋಗುವಾಗಿನ ತೂಕಕ್ಕಿಂತ ಎಷ್ಟು ಹೆಚ್ಚೋ ಅಷ್ಟು ನೀರು. ಮೂರು ಕಿಲೋ ದಾಟಿದರೆ ಒಂದು ಗಂಟೆ ಹೆಚ್ಚಿಗೆ ಮಲಗಬೇಕು.

“ಬಂದ್ರು ನೋಡಿ ಪ್ರೊಫೆಸರಮ್ಮ,” ಅಣ್ಣ ಮಲಗಿದಲ್ಲಿಂದಲೇ ಕೋಣೆಗೆಲ್ಲ ಸಾರಿದ. “ಎಲ್ಲರೂ ನೆಟ್ಟಗೆ ಮಲಗ್ರಪ್ಪ. ನಿಮ್ಮ ಮೇಲೆ ಪುಸ್ತಕ ಬರೀತಾಳಂತೆ.”

“ನನ್ನ ವಯಸ್ಸು ಕಡಿಮೆ ಬರ್ಕೊಳೇ ತಾಯಿ,” ಎಂದಳು ನಾಲ್ಕನೇ ಮಂಚದ ಅಜ್ಜಿ. ಅವಳಿಗೆ ಎಪ್ಪತ್ತೊಂದು. ಒಂದು ಕಾಲು ಸ್ವಾಧೀನವಿರಲಿಲ್ಲ.

“ಅಜ್ಜಿ, ಹೆಸರೇ ಬರ್ಕೊಳಲ್ಲ. ನಂಬರ್ ಅಷ್ಟೇ.”

“ಅದೇ ವಾಸಿ. ಹೆಸರಲ್ಲಿ ಕರೆಯೋರು ಯಾರೂ ಉಳಿದಿಲ್ಲ.”

ಮೇಷ್ಟ್ರು ಕಾಲೇಜಿನ ಪತ್ರ ನೋಡಿ, ಡಾಕ್ಟರ ಸಹಿ ನೋಡಿ, ರಿಜಿಸ್ಟರನ್ನು ನನ್ನ ತೊಡೆಯ ಮೇಲೆ ಹಾಕಿದರು. “ಹಾಳೆ ಹರಿಬೇಡ. ಊಟದ ಕೈಯಲ್ಲಿ ಮುಟ್ಟಬೇಡ. ನನ್ನನ್ನ ಏನೂ ಕೇಳಬೇಡ.”

ಮೂರು ವಾರ ಕೂತು ನಕಲು ಮಾಡಿದೆ. ಆರು ತಿಂಗಳು, ನಲವತ್ತೊಂದು ಜನ, ಎರಡು ಸಾವಿರದ ನೂರು ಚಿಲ್ಲರೆ ಸಾಲು. ಬಂದಾಗಿನ ತೂಕ, ಹೋದಾಗಿನ ತೂಕ, ವಯಸ್ಸು, ಮನೆಯ ದೂರ, ಯಾವ ಪಾಳಿ. ಯಾರಾದರೂ ಉಸಿರು ಕಟ್ಟಿ ತುರ್ತು ವಾರ್ಡಿಗೆ ಹೋಗಿದ್ದರೆ ಅಲ್ಲಿ ಕೆಂಪು ಶಾಯಿಯ ಗುರುತು. ಅಳೆಯುವುದು ಕೆಂಪು ಗುರುತನ್ನು, ಉಳಿದವು ವೇರಿಯಬಲ್. ಅಣ್ಣ ನನ್ನ ಪಟ್ಟಿಯಲ್ಲಿ ಹದಿನೇಳನೆಯವನು.

ಲೆಕ್ಕ ಹಾಕಿದರೆ ನೀರಿಗೂ ಕೆಂಪು ಗುರುತಿಗೂ ಸಂಬಂಧವೇ ಬರಲಿಲ್ಲ. ವಯಸ್ಸಿಗೆ ಬಂತು. ದೂರಕ್ಕೂ ಬಂತು. ನೀರಿಗೆ ಸೊನ್ನೆ.

ಅಣ್ಣನಿಗೆ ಇದು ಹೇಗೋ ಗೊತ್ತಾಯಿತು. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು. ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಾ, “ಕೇಳಿದ್ರಾ ಸಾರ್? ಕಂಪ್ಯೂಟರೇ ಹೇಳಿದೆಯಂತೆ, ಕುಡಿದ್ರೂ ಒಂದೇ ಬಿಟ್ರೂ ಒಂದೇ,” ಎಂದು ಬಾಟಲಿ ತೆಗೆದು ನನ್ನೆದುರೇ ಎರಡು ಗುಟುಕು ಕುಡಿದ.

ಮೇಡಂ ನನ್ನ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ನೀರಿನ ಅಂಕಿಗಳ ಕಂಬಚಿತ್ರ ಹಾಕಿಸಿದರು. ಎರಡೂವರೆ ಕಿಲೋದ ಹತ್ತಿರ ಕಂಬಗಳು ಏಳತೊಡಗಿ ಎರಡು ಮುಕ್ಕಾಲು, ಎರಡು ಪಾಯಿಂಟ್ ಎಂಟು, ಎರಡು ಒಂಬತ್ತಕ್ಕೆ ಆಳೆತ್ತರವಾಗಿದ್ದವು. ಮೂರು ದಾಟಿದ ಕೂಡಲೇ ಬಯಲು. ಎರಡು ಸಾವಿರ ಚಿಲ್ಲರೆ ಸಾಲಿನಲ್ಲಿ ಮೂರರ ಮೇಲಿದ್ದದ್ದು ಐವತ್ತೆಂಟು.

ಮೇಡಂ ಕನ್ನಡಕ ತೆಗೆದು ನಕ್ಕರು. “ಮೂರರಲ್ಲಿ ಏನಿದೆ ಅಲ್ಲಿ?”

“ಮೂರು ದಾಟಿದ್ರೆ ಒಂದು ಗಂಟೆ ಜಾಸ್ತಿ ಮಲಗಿಸ್ತಾರೆ ಮೇಡಂ.”

“ಹಾಗಾದ್ರೆ ಇದು ತೂಕ ಅಲ್ಲಮ್ಮ, ಚೌಕಾಸಿ. ಯಾರೋ ಎಲ್ಲೋ ಕೈಯಾಡಿಸ್ತಿದಾರೆ. ಈ ವೇರಿಯಬಲ್ ಬಿಟ್ಟುಬಿಡು. ವಯಸ್ಸು, ದೂರ, ಪಾಳಿ ಇಟ್ಕೋ. ಚೆನ್ನಾಗಿ ಬಂದಿದೆ, ಈಗಲೇ ಸಹಿ ಹಾಕ್ತೀನಿ.”

“ಅದನ್ನ ಬಿಟ್ರೆ ಇನ್ನೇನಿದೆ ಮೇಡಂ? ವಯಸ್ಸು ಕಮ್ಮಿ ಮಾಡೋಕಾಗಲ್ಲ. ಮನೆ ಎತ್ತಿಡೋಕಾಗಲ್ಲ.”

“ನೀನು ಡಾಕ್ಟರಾ? ನಿನಗೆ ಬೇಕಾಗಿರೋದು ಮೂವತ್ತು ಪುಟ.”

ಇನ್ನು ಇಪ್ಪತ್ತೆರಡು ದಿನ ಇತ್ತು. ಫಾರಂ ವಾಪಸ್ ತೆಗೆದುಕೊಂಡು ಬಂದೆ.

ಆ ಶನಿವಾರ ರಿಜಿಸ್ಟರ್ ನೋಡಲಿಲ್ಲ, ಬಾಗಿಲು ನೋಡುತ್ತಾ ಕೂತೆ. ಒಬ್ಬೊಬ್ಬರೇ ಬಂದರು. ಚಪ್ಪಲಿ ಬಿಟ್ಟು, ತಕ್ಕಡಿಯ ಮೇಲೆ ಹತ್ತಿ, ಎಡಗೈಯನ್ನು ಕಂಬಿಯ ಮೇಲಿಟ್ಟರು. ಕಾಯಿಲೆಯವರು, ತೂರಾಡುತ್ತಾರೆ, ಹಿಡಿದುಕೊಳ್ಳುತ್ತಾರೆ ಎಂದು ಇಷ್ಟು ದಿನ ನಾನೂ ಅಂದುಕೊಂಡಿದ್ದೆ. ಹಿಡಿದುಕೊಳ್ಳುವವರ ಬೆರಳು ಕಂಬಿಯನ್ನು ಸುತ್ತುತ್ತದೆ. ಇವರದು ಅಂಗೈ. ಮೇಜಿಗೆ ಅಂಗೈ ಒತ್ತಿ ಏಳುತ್ತೇವಲ್ಲ, ಹಾಗೆ. ಒತ್ತಿದಷ್ಟು ಭಾರ ಕಂಬಿಗೆ ಹೋಗುತ್ತಿತ್ತು. ಅಣ್ಣ ಹತ್ತಿದ. ಅಂಕಿ ಐವತ್ತೊಂಬತ್ತು ಪಾಯಿಂಟ್ ಆರಕ್ಕೆ ಹೋಯಿತು, ಅಂಗೈ ಒತ್ತಿತು, ಐವತ್ತೆಂಟು ಎಂಟಕ್ಕೆ ಇಳಿದು ನಿಂತಿತು. ಮೇಷ್ಟ್ರು ಆ ಕಡೆ ಮುಖ ಮಾಡಿ ಕೊಳವೆ ಜೋಡಿಸುತ್ತಲೇ, “ಎಷ್ಟು?” ಎಂದರು. “ಐವತ್ತೆಂಟು ಎಂಟು,” ಎಂದ ಅಣ್ಣ. ಅವರು ಬರೆದುಕೊಂಡರು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ.

“ನಾನು ಹೊಸಬನಾಗಿ ಬಂದಾಗ ಒಬ್ರು ದರ್ಜಿ ಇದ್ರು, ಅವರು ಹೇಳಿಕೊಟ್ರು. ಅವರು ಹೋದ್ರು. ಆಮೇಲೆ ಬಂದೋರಿಗೆಲ್ಲ ನಾನೇ ಗುರು.” ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು. “ಶನಿವಾರ ಐದಕ್ಕೆ ಎದ್ರೆ ಅಂಗಡಿ ತೆಗೆಯೋದು ಆರೂವರೆಗೆ. ಅಷ್ಟೊತ್ತಿಗೆ ಜನ ಎಲ್ಲ ಎದುರುಗಡೆಯವನ ಹತ್ರ ತಲೆ ಕೊಟ್ಟಿರ್ತಾರೆ. ಎಲ್ಲರಿಗೂ ಒಂದೊಂದು ಅವಸರ ಕಣೇ.”

“ಆ ನೀರು ನಿನ್ನೊಳಗೇ ಉಳಿಯುತ್ತೆ. ಎರಡು ಸಲ ಸಾಯೋಕೆ ಹೋಗಿದ್ದು ಅದರಿಂದಲೇ.”

“ಕಂಪ್ಯೂಟರ್ ಹಾಗೆ ಹೇಳಿಲ್ವಲ್ಲ.”

“ನೀನು ಸುಳ್ಳು ಹೇಳಿದ್ದಕ್ಕೆ ಅದೂ ಸುಳ್ಳು ಹೇಳ್ತು!”

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಅಣ್ಣ ಕಿಟಕಿಯ ಗಾಜು ಎಳೆದು ಮುಚ್ಚಿದ.

“ಸರಿ ಬಿಡು. ಅಳಬೇಡ ಮೊದಲು. ಏನು ಮಾಡಬೇಕು ಹೇಳು.”

“ಬುಧವಾರದ ತನಕ ನೀರು ಕಮ್ಮಿ ಕುಡಿ. ಬುಧವಾರ ಕಂಬಿ ಮುಟ್ಟಬೇಡ.”

“ನನ್ನ ಒಬ್ಬನ ಕೈಯಿಂದ ನಿನ್ನ ಪ್ರಾಜೆಕ್ಟ್ ಉದ್ಧಾರ ಆಗುತ್ತಾ?”

“ಆಗುತ್ತೆ,” ಎಂದೆ. ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವನು ಮಾತು ಉಳಿಸಿಕೊಂಡ. ನಾಲ್ಕು ದಿನ ಬಾಯಾರಿದಾಗಲೆಲ್ಲ ಒಂದು ಐಸ್ ತುಂಡನ್ನು ಬಾಯಲ್ಲಿಟ್ಟುಕೊಂಡನಂತೆ. ಅತ್ತಿಗೆ ಫೋನ್ ಮಾಡಿ, “ಏನು ಮಂತ್ರ ಹಾಕ್ದೆ ನಿಮ್ಮಣ್ಣನಿಗೆ?” ಎಂದು ನಕ್ಕಳು. ಅವಳು ನಗುವುದನ್ನು ಕೇಳಿ ಬಹಳ ದಿನವಾಗಿತ್ತು.

ಬುಧವಾರ ಅವನು ತಕ್ಕಡಿ ಹತ್ತಿ ಎರಡೂ ಕೈಯನ್ನು ಶರಣಾದವನಂತೆ ಮೇಲೆತ್ತಿ ನನ್ನನ್ನು ನೋಡಿದ. ಐವತ್ತೆಂಟು ಎಂಟು. ಕೈ ಇಲ್ಲದೆ! ಹೋದ ಸಲಕ್ಕಿಂತ ಎರಡು ಕಿಲೋ ಎಂಟುನೂರು ಗ್ರಾಂ ಹೆಚ್ಚು, ಅಷ್ಟೇ. ನನ್ನ ಎರಡು ಸಾವಿರ ಸಾಲಿನಲ್ಲಿ ನಿಜವೆಂದು ನಾನು ಕಣ್ಣಾರೆ ಕಂಡದ್ದು ಅದೊಂದೇ. ಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆದೆ.

“ಎಷ್ಟು?” ಮೇಷ್ಟ್ರು ಆ ಕಡೆಯಿಂದಲೇ ಕೇಳಿದರು.

“ಐವತ್ತೆಂಟು ಎಂಟು.”

ಅವರು ಬರೆದುಕೊಂಡರು, ಯಂತ್ರದ ಗುಂಡಿಗಳನ್ನು ಒತ್ತಿದರು, ಮುಂದಿನ ಮಂಚಕ್ಕೆ ಹೋದರು.

ಮೂರನೇ ಗಂಟೆ ಕಳೆಯುವಾಗ ಅಣ್ಣ ನಾಲ್ಕನೇ ಮಂಚದ ಅಜ್ಜಿಗೆ ಏನೋ ತಮಾಷೆ ಹೇಳುತ್ತಿದ್ದವನು ನಡುವೆ ನಿಲ್ಲಿಸಿದ. ಮೀನಖಂಡ ಗಂಟುಕಟ್ಟಿ ಹಲ್ಲು ಕಚ್ಚಿದ. “ಲೇ, ಕಿವಿ ಗುಂಯ್ ಅಂತಿದೆ,” ಎಂದ. ಮುಖ ಗೋಡೆಯ ಸುಣ್ಣದಂತಾಯಿತು, ಕಣ್ಣುಗುಡ್ಡೆ ಮೇಲೆ ಹೋಯಿತು. ಯಂತ್ರ ಕೂಗತೊಡಗಿತು. ಬಿಪಿ ಅರವತ್ತೆಂಟು.

ಮೇಷ್ಟ್ರು ಓಡಿ ಬಂದು ನೀರು ತೆಗೆಯುವುದನ್ನು ನಿಲ್ಲಿಸಿದರು, ಮಂಚದ ಕಾಲಿನ ಕಡೆ ಎತ್ತಿದರು, ಸಲೈನ್ ಬಾಟಲಿಯನ್ನು ಕೈಯಲ್ಲಿ ಹಿಂಡಿ ಹಿಂಡಿ ಬಿಟ್ಟರು. ಅಣ್ಣನ ಕೆನ್ನೆಗೆ ತಟ್ಟುತ್ತಾ ಕಿರುಚಿದರು: “ಲೋ! ಇವತ್ತು ಕೈ ಇಟ್ಟಿಲ್ವೇನೋ? ಯಾಕೋ ಕೈ ಇಡಲಿಲ್ಲ?”

ನಾನು ಗೋಡೆಗೆ ಒರಗಿ ನಿಂತಿದ್ದೆ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಕಂಬಿಯ ಕಡೆ ನೋಡಬೇಕಾಗಿಯೂ ಇರಲಿಲ್ಲ. ಯಾರ ಕೈ ಎಷ್ಟು ಭಾರ ಎನ್ನುವುದು ಅವರಿಗೆ ಬಾಯಿಪಾಠ. ಅಣ್ಣನದು ಎಂಟುನೂರು ಗ್ರಾಂ, ಅಜ್ಜಿಯೇ ಆಮೇಲೆ ಹೇಳಿದಂತೆ ಅವಳದು ನಾನೂರು. ರಿಜಿಸ್ಟರಿನಲ್ಲಿ ಹೇಳಿದ್ದನ್ನು ಬರೆದು, ಯಂತ್ರಕ್ಕೆ ಅದರ ಮೇಲೆ ಕೈಯ ಭಾರ ಸೇರಿಸಿ ಒತ್ತುತ್ತಿದ್ದರು. ಅವರು ರಜೆ ಹಾಕಿದ ದಿನ ಬೇರೆಯವರು ಬಂದು ಬರೆದಷ್ಟೇ ತೆಗೆಯುತ್ತಿದ್ದರು. ಆಮೇಲೆ ರಿಜಿಸ್ಟರಿನಲ್ಲಿ ಬೇರೆ ಕೈಬರಹದ ದಿನಗಳನ್ನು ಹುಡುಕಿ ನೋಡಿದೆ, ಅಣ್ಣನ ಎರಡು ಕೆಂಪು ಗುರುತೂ ಆ ದಿನಗಳ ಮರುದಿನದವು.

ಡಾಕ್ಟರು ಬರುವಷ್ಟರಲ್ಲಿ ಅಣ್ಣನಿಗೆ ಪ್ರಜ್ಞೆ ಬಂದಿತ್ತು. “ಎಷ್ಟು ತೆಗೀತಿದ್ರಿ?” ಎಂದು ಡಾಕ್ಟರು ಕೇಳಿದರು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ನಾನು ಪರದೆ ನೋಡಿ ಓದಿಬಿಟ್ಟೆ. “ಯಂತ್ರದಲ್ಲಿ ಮೂರು ಆರು ಇದೆ ಸರ್. ರಿಜಿಸ್ಟರಲ್ಲಿ ಎರಡು ಎಂಟು.” ಯಾರಾದರೂ ಅಂಕಿ ಕೇಳಿದರೆ ಹೇಳಿಬಿಡುವುದು. ಮೂರು ವರ್ಷ ಕಲಿತದ್ದು ಅದೊಂದೇ.

ಡಾಕ್ಟರು ಮೇಷ್ಟ್ರನ್ನು ನೋಡಿದರು.

ಹೊರಗೆ ಕಾರಿಡಾರಿನಲ್ಲಿ ಮೇಷ್ಟ್ರ ಹಿಂದೆ ಓಡಿದೆ. “ಸರ್, ಸೇರಿಸೋದನ್ನ ನೀವು ಬರೆದಿಟ್ಟಿದ್ರೆ...”

“ಯಾವ ಕಾಲಂನಲ್ಲಿ?”

ನಾನು ನಕಲು ಮಾಡಿದ ಕಾಲಂಗಳನ್ನು ಬೆರಳಲ್ಲಿ ಎಣಿಸಿದೆ.

“ಮೂರು ದಾಟಿಸಿ ಬರೆದ್ರೆ ಮೂರನೇ ಪಾಳಿ ನಡೆಯಲ್ಲ. ಎಂಟು ಜನ ಹೊರಗೆ ಬೆಂಚಿನ ಮೇಲೆ ಕೂತಿರ್ತಾರೆ, ನೀನೇ ನೋಡಿದೀಯ. ಇವರನ್ನ ಐದು ಗಂಟೆ ಮಲಗಿಸಿದ್ರೆ ಅವರನ್ನ ಎಲ್ಲಿ ಮಲಗಿಸಲಿ?” ಅವರು ಗದರಲಿಲ್ಲ. ಗದರದಿದ್ದುದಕ್ಕೇ ನನಗೆ ಭಯವಾಯಿತು. “ನನ್ನನ್ನ ಏನೂ ಕೇಳಬೇಡ ಅಂತ ಮೊದಲೇ ಹೇಳಿದ್ದೆ.”

ಶನಿವಾರ ಹೋಗುವಷ್ಟರಲ್ಲಿ ಅವರನ್ನು ಬೇರೆ ಕಡೆ ಹಾಕಿದ್ದರು. ಅವರ ಜಾಗದಲ್ಲಿ ನನಗಿಂತ ಎರಡೋ ಮೂರೋ ವರ್ಷ ದೊಡ್ಡವಳಾದ ಹುಡುಗಿ. ಗೋಡೆಗೆ ಒಂದು ಕಾಗದ ಅಂಟಿತ್ತು: ರಿಜಿಸ್ಟರಿನಲ್ಲಿ ಬರೆದಷ್ಟೇ ತೆಗೆಯತಕ್ಕದ್ದು. ಎಲ್ಲರೂ ಎಂದಿನಂತೆ ಕಂಬಿಯ ಮೇಲೆ ಅಂಗೈ ಇಟ್ಟರು. ಅವಳು ಬರೆದುಕೊಂಡಳು. ಬರೆದಷ್ಟೇ ತೆಗೆದಳು.

ಅದರ ಮುಂದಿನ ವಾರ ಎರಡು ಕೆಂಪು ಗುರುತು ಬಿದ್ದವು. ಒಂದು ನಾಲ್ಕನೇ ಮಂಚದ ಅಜ್ಜಿಯದು.

ನಾನು ಹೊಸ ಹುಡುಗಿಗೆ ಎಲ್ಲ ಹೇಳಿದೆ. ಅಂಗೈ, ಕಂಬಿ, ಎಂಟುನೂರು, ನಾನೂರು. ಒಳ್ಳೆಯವಳು, ಕೇಳಿಸಿಕೊಂಡಳು. ತಾನೇ ತಕ್ಕಡಿಯನ್ನು ಎಳೆದು ಕೋಣೆಯ ನಡುವೆ, ಏನೂ ಕೈಗೆ ಸಿಗದಲ್ಲಿ ಇಟ್ಟಳು. ಆ ದಿನ ಎರಡನೇ ಪಾಳಿಯ ಎಂಟರಲ್ಲಿ ಆರು ಜನ ಮೂರು ದಾಟಿದರು. ಎಲ್ಲರೂ ಐದು ಗಂಟೆ ಮಲಗಿದರು. ಹೊರಗೆ ಬೆಂಚಿನ ಮೇಲಿದ್ದವರು ಬಾಗಿಲು ಬಡಿದರು. ಒಬ್ಬರು ಕೊನೆಯ ಬಸ್ಸು ತಪ್ಪುತ್ತದೆಂದು ಡಯಾಲಿಸಿಸ್ ಇಲ್ಲದೆ ಎದ್ದು ಹೋದರು. ವಾರ್ಡಿನಿಂದ ಗಾಲಿಕುರ್ಚಿಯಲ್ಲಿ ಬಂದ ಅಜ್ಜಿ ತಕ್ಕಡಿ ಹತ್ತಿ, ಹಿಡಿಯಲು ಏನೂ ಸಿಗದೆ, ಪಕ್ಕಕ್ಕೆ ವಾಲಿ ಬಿದ್ದಳು. ಮೊಣಕೈ ಊದಿಕೊಂಡಿತು.

“ನೀನು ನಮಗೆ ಒಳ್ಳೇದು ಮಾಡೋದು ಇನ್ನೂ ಎಷ್ಟಿದೆ ತಾಯಿ?” ಎಂದು ಕೇಳಿದಳು. ಕೊಂಕಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು.

ಮುಂದಿನ ಸಲ ಹೋದಾಗ ತಕ್ಕಡಿ ಮತ್ತೆ ಕಂಬಿಯ ಪಕ್ಕ ಇತ್ತು. ಯಾರು ಇಟ್ಟರೆಂದು ಯಾರೂ ಹೇಳಲಿಲ್ಲ, ಹುಡುಗಿಯೂ ಕೇಳಲಿಲ್ಲ. ಡಾಕ್ಟರ ಬಳಿ ಹೋದೆ. ಇನ್ನೆರಡು ಯಂತ್ರ ಬೇಕೆಂದು ಎರಡು ವರ್ಷದಿಂದ ಬರೆಯುತ್ತಿದ್ದೇನೆ ಎಂದು ಡ್ರಾಯರಿನಿಂದ ಪತ್ರಗಳ ಕಟ್ಟು ತೆಗೆದು ತೋರಿಸಿ ಮತ್ತೆ ಒಳಗಿಟ್ಟರು. ಹಳೆಯ ಮೇಷ್ಟ್ರಿಗೆ ಫೋನ್ ಮಾಡಿದೆ. ನಲವತ್ತೊಂದು ಜನರ ಕೈ ಎಷ್ಟೆಷ್ಟು ಎಂದು ಹೇಳಿದರೆ ಬರೆದುಕೊಳ್ಳುತ್ತೇನೆ ಎಂದೆ.

“ಅದು ಹಾಗೆ ಹೇಳೋಕೆ ಬರಲ್ಲಮ್ಮ. ಮುಖ ನೋಡಬೇಕು. ಊದಿದೆಯಾ, ಕಾಲಲ್ಲಿ ಬಾವು ಇದೆಯಾ. ನೋಡಿದ್ರೆ ಗೊತ್ತಾಗುತ್ತೆ,” ಎಂದರು. “ನಿಮ್ಮಣ್ಣ ಹೇಗಿದಾನೆ?”

ಮೂವತ್ತನೇ ತಾರೀಖು ಮೇಡಂ ಬಳಿ ಹೋದೆ. ವಯಸ್ಸು, ದೂರ, ಪಾಳಿ ಎಂದು ಬರೆದಿದ್ದೆ. ನೀರು ಎಂದು ಮೊದಲು ಬರೆದದ್ದನ್ನು ಬಿಳಿ ಬಣ್ಣ ಬಳಿದು ಅಳಿಸಿದ್ದೆ.

“ಈಗ ಸರಿಯಾಯ್ತು ನೋಡು,” ಎಂದರು ಮೇಡಂ. ಸಹಿ ಹಾಕಿ, ಬಿಳಿ ಬಣ್ಣದ ಮೇಲೆ ಬೆರಳಾಡಿಸಿದರು. “ಆ ಮೂರರ ವಿಷಯ ಏನಂತ ಕೊನೆಗೆ ಗೊತ್ತಾಯ್ತಾ?”

“ಇಲ್ಲ ಮೇಡಂ.”

ಆ ಶನಿವಾರ ಅಣ್ಣನ ಮುಖ ಊದಿತ್ತು. ಮೂರು ವಾರದಿಂದ ಅವನು ಕಂಬಿ ಮುಟ್ಟಿದಾಗ ಒಂದು ತೊಂದರೆ, ಬಿಟ್ಟಾಗ ಒಂದು. ಮುಟ್ಟದೆ ನಿಂತರೆ ಮೂರು ದಾಟಿ ಐದು ಗಂಟೆ ಮಲಗಬೇಕು, ಅಂಗಡಿ ಮುಚ್ಚಿರುತ್ತದೆ, ಹೊರಗೆ ಬೆಂಚಿನವರ ಕಣ್ಣು. ಮುಟ್ಟಿದರೆ ನೀರು ಒಳಗೆ. ಹುಡುಗಿ ಕೆಲವರಿಗೆ ತಾನೇ ಸ್ವಲ್ಪ ಸೇರಿಸಲು ಶುರುಮಾಡಿದ್ದಾಳೆ ಎಂದು ಯಾರೋ ಪಿಸುಗುಟ್ಟಿದ್ದರು. ಯಾರಿಗೆ, ಎಷ್ಟು, ಗೊತ್ತಿಲ್ಲ. ನಾನು ಕೇಳಿದ್ದೆ. ಅವಳು ಗೋಡೆಯ ಕಾಗದ ತೋರಿಸಿದ್ದಳು. ಅದನ್ನು ತೋರಿಸದೆ ಅವಳು ತಾನೆ ಏನು ಮಾಡಬೇಕು.

ಅಣ್ಣ ಚಪ್ಪಲಿ ಬಿಟ್ಟು ತಕ್ಕಡಿ ಹತ್ತಿದ. ಎಡಗೈ ಕಂಬಿಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ನನ್ನ ಕಡೆ ತಿರುಗಿದ.

“ಪ್ರೊಫೆಸರಮ್ಮ, ಇಡ್ಲಾ, ಬೇಡ್ವಾ?”

ನಾನು ಹುಡುಗಿಯನ್ನು ನೋಡಿದೆ. ಅವಳು ಪೆನ್ನು ಹಿಡಿದು ರಿಜಿಸ್ಟರ್ ನೋಡುತ್ತಿದ್ದಳು.

“ಗೊತ್ತಿಲ್ಲ ಕಣೋ,” ಎಂದೆ.

“ಅಷ್ಟು ಓದಿ ಗೊತ್ತಿಲ್ಲ ಅಂದ್ರೆ ಹೇಗೆ?” ಅವನು ಎಂದಿನಂತೆ ಕೋಣೆಗೆಲ್ಲ ಕೇಳುವಂತೆ ಹೇಳಿದ. ಈ ಸಲ ಯಾರೂ ನಗಲಿಲ್ಲ. “ಹೋಗ್ಲಿ ಬಿಡು. ಅರ್ಧ ಇಡ್ತೀನಿ.”

ಎರಡು ಬೆರಳು ಕಂಬಿಗೆ ತಾಗಿದವು. ಅಂಕಿ ಒಂದೆರಡು ಸಲ ಅಲ್ಲಾಡಿ ಐವತ್ತೊಂಬತ್ತಕ್ಕೆ ನಿಂತಿತು.

“ಎಷ್ಟು?” ಎಂದು ಕೇಳಿದಳು ಹುಡುಗಿ. ಅವನು ಹೇಳಿದ. ಅವಳು ಬರೆದುಕೊಂಡು ಯಂತ್ರದ ಗುಂಡಿಗಳನ್ನು ಒತ್ತಿದಳು. ಪರದೆ ಅವಳ ಬೆನ್ನಿನ ಮರೆಯಲ್ಲಿತ್ತು. ನಾನು ಸ್ಟೂಲನ್ನು ಎಳೆದು ಮಂಚದ ಪಕ್ಕ ಕೂತು, ಬಿಪಿ ಎಷ್ಟಿದೆ ಎಂದಷ್ಟೇ ನೋಡಿದೆ. ಇನ್ನೂ ನಾಲ್ಕು ಗಂಟೆ ಇತ್ತು.